ತಿಳಿಯದವರಂತೆ ನಿಂತ ಮಂದಾಕಿನಿ ಮೇಡಂ

ಧಾರವಾಡದ ಮಂದಾಕಿನಿ ಗಂಡನ ಬ್ಯಾಂಕಿನ ವರ್ಗಾವಣೆಯ ಬೆನ್ನಿಗೇ ನಾಸಿಕಕ್ಕೆ ಬಂದು, ೧೯೮೬ರಲ್ಲಿ ಅಲ್ಲಿನ ಒಂದು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿಯಾದಳು. ಮೊದಲ ವಾರವೇ ಅವಳ ಮರಾಠಿ ಉಚ್ಚಾರ ಕೇಳಿ ಹಿಂದಿನ ಬೆಂಚಿನವರು ನಕ್ಕರು. ಅಂದಿನಿಂದ ಮಂದಾಕಿನಿ ಬಿಗಿಯಾದಳು. ಹಾಜರಿ, ಪಾಠ, ಅಷ್ಟೇ. ಯಾರದು ಯಾವ ಊರೆಂದು ಕೇಳಲಿಲ್ಲ, ತನ್ನ ಊರನ್ನೂ ಹೇಳಲಿಲ್ಲ. ಪ್ರಿನ್ಸಿಪಾಲರು ಅವಳ ಶಿಸ್ತನ್ನು ಹೊಗಳಿದರು.

ಆ ತರಗತಿಯಲ್ಲಿ ಚನಬಸವ್ವ ಎಂಬ ಹುಡುಗಿ ಇದ್ದಳು. ಅವಳ ತಂದೆ ರೇವಪ್ಪ ವಿಜಾಪುರದ ಕಡೆಯಿಂದ ಬಂದು ಕಟ್ಟಡ ಕಟ್ಟುವ ಗೌಂಡಿ. ಒಂದು ಭಾನುವಾರ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಮೇಡಂ ಗಂಡನೊಂದಿಗೆ ಕನ್ನಡ ಮಾತಾಡುವುದು ಅವಳ ಕಿವಿಗೆ ಬಿತ್ತು. ಮರುದಿನ ಪಾಠ ಮುಗಿಯುತ್ತಲೇ ಹುಡುಗಿ ಎದ್ದು ನಿಂತಳು. ಮುಖವೆಲ್ಲ ಅರಳಿತ್ತು.

"ಅಕ್ಕೋರ, ನೀವೂ ನಮ್ಮ ಕಡೆಯವರೇನ್ರಿ?"

ಎಲ್ಲರೂ ತಿರುಗಿ ನೋಡಿದರು. ಮತ್ತೆ ನಗುತ್ತಾರೆಂದು ಮಂದಾಕಿನಿ ಹೆದರಿದಳು. "ಇವಳೇನು ಹೇಳ್ತಿದ್ದಾಳೆ? ಯಾರಿಗಾದರೂ ತಿಳೀತಾ?" ಎಂದು ಮರಾಠಿಯಲ್ಲಿ ಕೇಳಿದಳು. ತರಗತಿ ಗೊಳ್ಳೆಂದಿತು. ಚನಬಸವ್ವ ಕೂತಳು.

ಮುಂದೆ ಹಾಜರಿ ಕರೆದಾಗಲೂ ಆ ಹುಡುಗಿ ಬಾಯಿ ಬಿಡಲಿಲ್ಲ, ಕೈಯಷ್ಟೇ ಎತ್ತಿದಳು. ಅವಳ ಪಕ್ಕದ ಜಾಗ ಖಾಲಿಯೇ ಉಳಿಯುತ್ತಿತ್ತು. ದೀಪಾವಳಿ ರಜೆಯ ನಂತರ ಅವಳು ಬರಲೇ ಇಲ್ಲ. ಗಂಡನ ಬ್ಯಾಂಕಿನ ಕನ್ನಡಿಗರೊಬ್ಬರ ಮಗಳು ಅಲಕಾ ಅದೇ ತರಗತಿಯಲ್ಲಿದ್ದಳು. ಮಂದಾಕಿನಿ ಅವಳನ್ನು ಸ್ಟಾಫ್ ರೂಮಿಗೆ ಕರೆದು ಕನ್ನಡದಲ್ಲೇ ಕೇಳಿದಳು.

"ಆ ಚನಬಸವ್ವ ಯಾಕ ಬರವಲ್ಲಳು?"

"ಕಾಲೇಜ್ ಬಿಟ್ಟಳು ಮೇಡಂ. ಆಕಿ ಜೊತೆ ಕೋಣೀಚ್..." ಮರಾಠಿ ನುಸುಳಿದ್ದನ್ನು ತಿದ್ದಿಕೊಂಡಳು, "ಯಾರೂ ಕೂಡತಿರಲಿಲ್ಲ."

"ನೀನರ ಕೂಡಬೇಕಿತ್ತಲ್ಲ. ನಿನಗ ಕನ್ನಡ ಬರ್ತದ."

ಅಲಕಾ ತಲೆ ತಗ್ಗಿಸಿದಳು. "ನಿಮಗೂ ಬರ್ತದ, ಮೇಡಂ."

ಮಂದಾಕಿನಿ ರೇವಪ್ಪ ಕೆಲಸಕ್ಕಿದ್ದ ಕಟ್ಟಡವನ್ನು ಹುಡುಕಿಕೊಂಡು ಹೋದಳು. ಕೆಲಸ ಮುಗಿದು ಅವರೆಲ್ಲ ಔರಂಗಾಬಾದಿನ ವಾಳೂಜಿಗೆ ಹೋಗಿದ್ದರು. ಅಲ್ಲಿಯವರೆಗೆ ಹೋಗುವ ಧೈರ್ಯ ಆಗ ಬರಲಿಲ್ಲ. ಐದು ವರ್ಷದ ನಂತರ ಗಂಡನಿಗೆ ಔರಂಗಾಬಾದಿಗೇ ವರ್ಗವಾದಾಗ, ವಾಳೂಜಿನಲ್ಲಿ ವಿಚಾರಿಸುತ್ತ ಅಲೆದಳು. ಕಡೆಗೆ ಒಂದು ಕಾರ್ಖಾನೆಯ ಕಂಪೌಂಡಿನ ಹತ್ತಿರ ಚನಬಸವ್ವ ಸಿಕ್ಕಳು, ತಲೆಯ ಮೇಲೆ ಇಟ್ಟಂಗಿ ಹೊತ್ತು.

"ತಪ್ಪಾತವ್ವ. ಅವತ್ತ ನಿನ್ನ ಮಾತು ನನಗ ತಿಳಿದಿತ್ತು."

"ಗೊತ್ತಿತ್ರಿ. ನಿಮಗೇನರ ಅಡಚಣಿ ಇರಬೇಕು ಅನ್ಕೊಂಡೆ. ಅದಕ್ಕ ಯಾರ ಮುಂದೂ ಹೇಳಲಿಲ್ಲ."

ಹೊರಗಿನಿಂದ ಪರೀಕ್ಷೆ ಕಟ್ಟು, ನಾನೇ ಕಲಿಸುತ್ತೇನೆ ಎಂದಳು ಮಂದಾಕಿನಿ. ಚನಬಸವ್ವ ನಕ್ಕಳು. "ಈಗೆಲ್ಲಿ ಓದೂದ್ರಿ ಅಕ್ಕೋರ, ಎರಡು ಮಕ್ಕಳು." ಕೂಲಿಯವರ ಮುಕಾದಮ ಕೂಗಿದ, ಅವಳು ಹೋದಳು.

ಆ ಜೂನ್‌ನಲ್ಲಿ ಮಂದಾಕಿನಿ ಔರಂಗಾಬಾದಿನ ಕಾಲೇಜಿನ ಹೊಸ ತರಗತಿಗೆ ಮೊದಲು ತನ್ನ ಊರು, ತನ್ನ ಮನೆಮಾತು ಹೇಳಿದಳು. ಆಮೇಲೆ ಒಬ್ಬೊಬ್ಬರನ್ನೇ ಕೇಳಿದಳು. ಒಬ್ಬ ಲಂಬಾಣಿ ಎಂದ, ಒಬ್ಬಳು ತೆಲುಗು ಎಂದಳು. ಹತ್ತು ನಿಮಿಷ ಹಿಡಿಯಿತು. ಅಷ್ಟು ಸುಲಭವಾಗಿತ್ತು ಎಂಬುದೇ ಅವಳನ್ನು ಹೆಚ್ಚು ಸುಟ್ಟಿತು.