ಗುಲಾಬಿಯ ಕೆಳಗಿದ್ದ ಮುಖ

ಅಜ್ಜಂಪುರ ಹೊಸದಾಗಿ ತಾಲ್ಲೂಕು ಕೇಂದ್ರವಾಗಿದ್ದ ಕಾಲ. ತರೀಕೆರೆಯಲ್ಲಿ ನನ್ನದೊಂದು ವೀಡಿಯೊ ಮಿಕ್ಸಿಂಗ್ ಅಂಗಡಿ. ಮದುವೆಯ ದೃಶ್ಯಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುವ ಈ ಕೆಲಸಕ್ಕೆ ಇಪ್ಪತ್ತರ ಹರೆಯದಲ್ಲಿ ಕೂತವನು, ಗಡ್ಡ ಬೆಳ್ಳಗಾದರೂ ಎದ್ದಿಲ್ಲ.

ಒಂದು ಬೆಳಿಗ್ಗೆ ಬುಕ್ಕಾಂಬುಧಿ ಕಡೆಯ ಶಾರದಮ್ಮ ಎಂಬ ಹೆಂಗಸು ಹಳೆಯ ಕ್ಯಾಸೆಟ್ ಹಿಡಿದು ಬಂದರು. ಅವರ ಊರಿನವರೊಬ್ಬರ ಮದುವೆಯದು. ಅಡುಗೆಗೆ ನೆರವಾಗಲು ಹೋಗಿದ್ದ ಅವರ ತಾಯಿ ಹನುಮಕ್ಕ ಅದರಲ್ಲಿ ಮೂರು ಸೆಕೆಂಡು ಕಾಣುತ್ತಾರೆ. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು.

"ನಮ್ಮವ್ವಂದು ಅಂತ ಇರೋದು ಓಟಿನ ಕಾರ್ಡಿನ ಫೋಟೊ ಒಂದೇ ಅಣ್ಣ. ಅದ್ರಲ್ಲಿ ಹೆದ್ರಿಕೊಂಡು ಕೂತವ್ಳೆ. ಇದ್ರಲ್ಲಿ ತಿರುಗಿ ನೋಡ್ತಾಳೆ, ಇನ್ನೇನು ನಗ್ತಾಳೆ ಅನ್ನೋವಷ್ಟ್ರಲ್ಲಿ ಹೂವ ಬಂದ್ಬಿಡ್ತದೆ. ಆ ಹೂವ ತೆಗೆದುಕೊಡಿ."

ಕ್ಯಾಸೆಟ್ ಹಾಕಿ ನೋಡಿದೆ. ಹನುಮಕ್ಕ ತೆಂಗಿನಕಾಯಿ ತುರಿಯುತ್ತಿದ್ದಾರೆ. ಯಾರೋ ಕರೆದಂತಾಗಿ ತಲೆ ಎತ್ತುತ್ತಾರೆ. ಅಷ್ಟರಲ್ಲಿ ಕೆಂಪು ಗುಲಾಬಿಯೊಂದು ಅರಳಿ ಅವರನ್ನು ಮುಚ್ಚುತ್ತದೆ, ಗುಲಾಬಿಯೊಳಗಿಂದ ವಧೂವರರು ಬರುತ್ತಾರೆ. ಆ ಗುಲಾಬಿ ಹಿಂದೆ ನಾನೇ ಹಾಕಿದ್ದು. ಆಗೆಲ್ಲ ಅಡುಗೆ ಮನೆಯ ದೃಶ್ಯ ಬಂದರೆ ಸಾಕು, ಅದರ ಮೇಲೆ ಹೂವು ಅರಳಿಸಿ ಮುಂದಕ್ಕೆ ಹೋಗುವುದು ನಮ್ಮ ಕಸುಬಿನ ರೂಢಿ. ನಾಚಿಕೆಯಾಗಿ ಬಾಯಿ ಬಿಡಲಿಲ್ಲ. ಹೂವಿಲ್ಲದ ಮೂಲ ಕ್ಯಾಸೆಟ್ ಎಲ್ಲೂ ಉಳಿದಿರಲಿಲ್ಲ. ಮಿಕ್ಸಿಂಗ್ ಮುಗಿದೊಡನೆ ಅದರ ಮೇಲೆಯೇ ಮುಂದಿನ ಮದುವೆ ತೆಗೆಯುತ್ತಿದ್ದೆವು.

ಉಳಿದದ್ದು ಕಂಪ್ಯೂಟರಿನ ಪೇಂಟ್ ಬ್ರಷ್ ಒಂದೇ. ವೀಡಿಯೊ ಎಂದರೆ ಸೆಕೆಂಡಿಗೆ ಇಪ್ಪತ್ತೈದು ಬಿಡಿ ಚಿತ್ರ, ಅಂದರೆ ಫ್ರೇಮ್. ಹಿಂದಿನ ಫ್ರೇಮಿನ ಬಣ್ಣವನ್ನು ಬ್ರಷ್‌ನಲ್ಲಿ ಎತ್ತಿ, ಹೂವು ಮುಚ್ಚಿದ ಜಾಗಕ್ಕೆ ಬಳಿಯಬಹುದು. ಮೊದಲ ದಿನ, ಬಳಿದ ಬಣ್ಣ ಎಷ್ಟು ಹೊತ್ತು ನಿಲ್ಲಬೇಕೆಂಬ ಡ್ಯುರೇಷನ್ ಸೆಟ್ಟಿಂಗ್ ನೋಡದೆ ಬಳಿದೆ. ಒಂದು ಫ್ರೇಮಿಗೆ ಹಚ್ಚಿದ ಬಣ್ಣ ಎಲ್ಲ ಫ್ರೇಮಿಗೂ ಅಂಟಿಕೊಂಡು, ಹನುಮಕ್ಕ ತಿರುಗಿದರೂ ಕೆನ್ನೆ ಮಾತ್ರ ಅಲ್ಲೇ ನಿಂತಿತು. ಇಷ್ಟು ವರ್ಷದ ಅನುಭವಕ್ಕೆ ತಕ್ಕ ಮರ್ಯಾದೆ! ಡ್ಯುರೇಷನ್ ಅನ್ನು ಸಿಂಗಲ್ ಫ್ರೇಮ್‌ಗೆ ಬದಲಿಸಿದೆ. ಬ್ರಷ್‌ನ ಅಗಲ ಆರು ಪಿಕ್ಸೆಲ್‌ಗೆ ಇಳಿಸಿದೆ. ಅಂಚು ಗೆರೆ ಬಿದ್ದಂತೆ ಕಾಣದಿರಲು ಹಾರ್ಡ್‌ನೆಸ್ ಕಡಿಮೆ ಮಾಡಿ, ಬಣ್ಣ ತೆಳುವಾಗಿ ಕೂರಲು ಒಪ್ಯಾಸಿಟಿಯನ್ನು ಅರ್ಧಕ್ಕೆ ತಂದೆ.

ನಾಲ್ಕು ದಿನದಲ್ಲಿ ಎಂಟು ಫ್ರೇಮನ್ನು ಹೂವಿನಿಂದ ಬಿಡಿಸಿಕೊಂಡೆ. ಅವುಗಳಲ್ಲಿ ಹೂವು ಸೆರಗು, ಗಲ್ಲಗಳನ್ನಷ್ಟೇ ಮುಟ್ಟಿತ್ತು. ಒಂಬತ್ತನೆಯದರಲ್ಲಿ ಹೂವು ಮುಚ್ಚಿ ಬಾಯಿಯೇ ಇಲ್ಲ. ಮಗಳ ಆಸೆ ನೆನೆದು ಅಲ್ಲಿಂದ ಮುಂದಕ್ಕೆ ನಾನೇ ತುಟಿಯ ಕೊನೆ ಎತ್ತಿ ಒಂದು ನಗು ಬರೆದೆ. ನೋಡಲು ಮುದ್ದಾಗಿಯೇ ಇತ್ತು.

ಶಾರದಮ್ಮ ಬಂದು ಪರದೆಯ ಹತ್ತಿರ ಕೂತರು. ಮೂರು ಸಲ ನೋಡಿದರು.

"ಚೆನ್ನಾಗದೆ ಅಣ್ಣ. ಈ ನಗು ನಮ್ಮವ್ವಂದಾ, ನೀವು ಬರ್ದಿದ್ದಾ?"

"ನಾನು ಬರೆದಿದ್ದು ಕಣಮ್ಮ."

"ಹಂಗಾರೆ ಅದು ಬ್ಯಾಡ. ತೆಗೆದುಬಿಡಿ."

ಅಳಿಸಿದೆ. ಹೂವು ಬಿಟ್ಟು ನಿಜವಾಗಿ ಅವ್ವನದೇ ಎಂದು ಉಳಿಯುವುದು ಎಂಟೇ ಫ್ರೇಮ್ ಎಂದೆ. ಇನ್ನು ಮುಚ್ಚಿಡಲಾರದೆ, ಆ ಹೂವು ಹಾಕಿದವನೂ ನಾನೇ ಎಂದು ಹೇಳಿದೆ. ಬೈಯಲಿ ಎಂದೇ ಕಾದೆ. ಅವರ ಮುಖದಲ್ಲಿ ಬೇರೆಯೇ ಬೆಳಕು ಬಂತು.

"ಅಂದ್ರೆ ಹೂವ ಹಾಕೋಕ್ ಮುಂಚೆ ಪೂರಾ ನೋಡಿರ್ತೀರ ನೀವು! ನಕ್ಕಳಾ ನಮ್ಮವ್ವ?"

ಹೌದು ಎಂದುಬಿಡಬಹುದಿತ್ತು. ಆಗ ತಾನೆ ಸುಳ್ಳು ನಗುವನ್ನು ಬೇಡವೆಂದವರಿಗೆ ಇನ್ನೊಂದು ಕೊಡಲು ನಾಲಿಗೆ ಏಳಲಿಲ್ಲ.

"ಗೊತ್ತಿಲ್ಲಮ್ಮ. ನಾನು ಹೂವು ಸರಿಯಾಗಿ ಅರಳ್ತದಾ ಅಂತ ಅಷ್ಟೇ ನೋಡ್ತಿದ್ದೆ."

ಅವರು ಕಣ್ಣೊರೆಸಿಕೊಂಡರು. "ಹೋಗ್ಲಿ ಬಿಡಿ. ಆ ಎಂಟನ್ನೇ ಇನ್ನೊಂದ್ಸಲ ಹಾಕಿ."

ಅಂದಿನಿಂದ ಯಾವ ದೃಶ್ಯದ ಮೇಲೆ ಏನು ಹಾಕುವುದಿದ್ದರೂ, ಮೊದಲು ಅದನ್ನು ಕೊನೆಯವರೆಗೆ ಓಡಿಸಿ ನೋಡುತ್ತೇನೆ. ಬಡಿಸುವವರು, ಪಾತ್ರೆ ತೊಳೆಯುವವರು, ಬಾಗಿಲಲ್ಲಿ ನಿಂತವರು, ಯಾರು ನಕ್ಕರು, ಯಾರು ಮುಖ ತಿರುಗಿಸಿದರು ಎಂದು ಗಮನವಿಟ್ಟು ನೋಡುತ್ತೇನೆ. ಮುಂದೆಂದಾದರೂ ಅವರ ಮಕ್ಕಳು ಬಂದು ಕೇಳಿದರೆ ಹೇಳಲು ಒಬ್ಬನಾದರೂ ಇರಬೇಕಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು. ಹನುಮಕ್ಕ ನಕ್ಕರೋ ಇಲ್ಲವೋ ತಿಳಿಯಬೇಕೆಂಬ ಹಂಬಲ ಮಾತ್ರ ಆ ಮಗಳಷ್ಟೇ ನನಗೂ ಇದೆ. ನೋಡಿದ ಕಣ್ಣು ನನ್ನದೇ, ಕೇಳಿದರೆ ಅದು ಹೇಳುವುದಿಲ್ಲ.