ಕೈಯ ಮೇಲಿನ ಕೈ

ನಮ್ಮ ಡಾಕ್ಟರು ಕುಳ್ಳಗಿದ್ದರು. ಬಲಗೈ ಮಾತ್ರ ಯಾರೋ ಆರಡಿ ಆಳಿನದನ್ನು ತಂದು ಜೋಡಿಸಿದ ಹಾಗಿತ್ತು. ಎಡಗೈಯೂ ಅಷ್ಟೇ ದೊಡ್ಡದಿದ್ದಿರಬೇಕಲ್ಲ? ನನಗೆ ಅದು ನೆನಪೇ ಇಲ್ಲ. ಇದಕ್ಕೇ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಎಚ್.ಡಿ. ಕೋಟೆಯ ಬಸ್ ಸ್ಟ್ಯಾಂಡಿನ ಹಿಂದೆ ಅವರ ಕ್ಲಿನಿಕ್. ಪಕ್ಕದಲ್ಲೇ ನಮ್ಮ ಮನೆ. ನಾಡಿ ಹಿಡಿದರೆ ಮಾತು ಮುಗಿಯುವ ತನಕ ಬಿಡುತ್ತಿರಲಿಲ್ಲ. "ಕೈ ಬುಡಿ ಡಾಕ್ಟ್ರೇ, ಬಸ್ಸು ಒಂಟೋಯ್ತದೆ" ಎಂದು ಅಜ್ಜಿಯರು ಗೋಗರೆದರೆ, "ಹೋದ್ರೆ ಹೋಗ್ಲಿ ಕಣವ್ವಾ, ಡ್ರೈವರ್‌ಗೂ ಬಿಪಿ ಅದೆ, ಅವನೂ ಇಲ್ಲಿಗೇ ಬತ್ತಾನೆ" ಎನ್ನುತ್ತಿದ್ದರು.

ನಾನು ಮೈಸೂರಿನಲ್ಲಿ ಎಂಬಿಬಿಎಸ್ ಓದುವಾಗ ತರಗತಿಯಲ್ಲಿ ದಯಾಮರಣದ ಚರ್ಚೆ ನಡೆಯಿತು. ಬೇಕು ಎನ್ನುವವರು ಕೈ ಎತ್ತಿ ಎಂದಾಗ ಹೆಚ್ಚುಕಡಿಮೆ ಎಲ್ಲರೂ ಎತ್ತಿದೆವು, ಸಾಯುವವರ ಪಕ್ಕ ಒಮ್ಮೆಯೂ ಕೂತಿರದ ನಾವು. ಪಾಠ ಮಾಡುವ ಹಿರಿಯ ಡಾಕ್ಟರುಗಳು ಮಾತ್ರ ಎತ್ತಲಿಲ್ಲ. ರಜೆಗೆ ಬಂದಾಗ ಅದನ್ನು ಜಂಬದಿಂದ ಹೇಳಿದೆ.

"ನೀನು ಎತ್ತಿದ್ಯಾ?"

"ಎತ್ತಿದೆ ಸಾರ್."

"ಆ ಕೈಲಿ ಏನಿತ್ತು?"

"ಏನೂ ಇರಲಿಲ್ಲ."

"ಅದಕ್ಕೇ ಅಷ್ಟು ಸಲೀಸಾಗಿ ಮೇಲಕ್ಕೋಯ್ತು ಕಣೋ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಾನಾಗಿದ್ರೆ ಎತ್ತುತಿರ್ಲಿಲ್ಲ" ಎಂದರು.

ಅದೇ ರಜೆಯಲ್ಲಿ ಅಂತರಸಂತೆಯ ಅಜ್ಜಿಯೊಬ್ಬರನ್ನು ಮೈಸೂರಿನ ಆಸ್ಪತ್ರೆಯಿಂದ ವಾಪಸು ತರುತ್ತಿದ್ದರು. ಮೆದುಳಿನಲ್ಲಿ ರಕ್ತಸ್ರಾವ, ಸ್ವಂತ ಉಸಿರಿಲ್ಲ, ಇನ್ನು ಏನೂ ಉಳಿದಿಲ್ಲ ಎಂದಿದ್ದರು. ಪ್ರಾಣ ಮನೆಯಲ್ಲೇ ಹೋಗಬೇಕೆನ್ನುವುದು ನಮ್ಮ ಕಡೆಯ ಪದ್ಧತಿ. ಅದಕ್ಕಾಗಿ ಆಂಬುಲೆನ್ಸಿನಲ್ಲಿ ಯಾರಾದರೂ ಆಂಬು ಬ್ಯಾಗ್ ಹಿಸುಕುತ್ತಾ ಬರಬೇಕು. ಗಂಟಲಿನ ಕೊಳವೆಗೆ ಸಿಕ್ಕಿಸಿದ ರಬ್ಬರ್ ಚೀಲ ಅದು. ಹಿಸುಕಿದಷ್ಟು ಹೊತ್ತು ಉಸಿರು. ಮನೆ ಮುಟ್ಟಿದ ಮೇಲೆ ಯಾರಾದರೂ ನಿಲ್ಲಿಸಬೇಕು. ಮನೆಯವರಿಗೆ ಅದಕ್ಕೆ ಕೈ ಬರುವುದಿಲ್ಲ, ಹಾಗಾಗಿ ನಮ್ಮ ಡಾಕ್ಟರಿಗೆ ಹೇಳಿಕಳಿಸುತ್ತಿದ್ದರು. ಕೋಟೆಯಲ್ಲಿ ಅವರು ಹತ್ತಿದರು, ನನ್ನನ್ನೂ ಹತ್ತಿಸಿಕೊಂಡರು.

ದಾರಿಯಲ್ಲೇ ಅಜ್ಜಿಯ ಮಗ, "ಸಾಕು ಬುಡಿ ಡಾಕ್ಟ್ರೇ, ಅವ್ವಂಗೆ ಇಂಸೆ" ಎಂದ.

"ನಿನ್ ತಂಗಿ ಬರ್ಲಿ ಕಣಪ್ಪಾ. ಇಲ್ದಿದ್ರೆ ಅವ್ಳು ಬದ್ಕಿರೋಗಂಟ ನಿನ್ನ ಕೇಳ್ತಾಳೆ."

ತಂಗಿ ಕೊಡಗಿನ ಕಾಫಿ ತೋಟದಿಂದ ಬರಬೇಕಿತ್ತು. ಮಧ್ಯಾಹ್ನವೆಲ್ಲ ನಡುಮನೆಯ ಚಾಪೆಯ ಪಕ್ಕ ಕೂತು ಡಾಕ್ಟರು ಹಿಸುಕಿದರು. ಬೆರಳು ಮರಗಟ್ಟಿದಾಗ ಚೀಲವನ್ನು ನನಗೆ ಕೊಟ್ಟರು. ಅವಳು ಬಂದಳು, ಅವ್ವನ ತುಟಿಗೆ ನೀರು ಬಿಟ್ಟಳು, ಕೆನ್ನೆಗೆ ಕೆನ್ನೆ ಇಟ್ಟಳು. ಆಮೇಲೆ ಡಾಕ್ಟರ ದೊಡ್ಡ ಅಂಗೈ ನನ್ನ ಕೈಯನ್ನು ಮುಚ್ಚಿತು. ಚೀಲ ಮತ್ತೆ ಕುಗ್ಗಲಿಲ್ಲ.

ಅವರು ಹಿಡಿದದ್ದರಿಂದ ನನ್ನ ಕೈ ನಿಂತಿತೋ, ನನ್ನ ಕೈ ನಿಂತದ್ದನ್ನು ಕಂಡು ಅವರು ಹಿಡಿದರೋ? ವಾಪಸು ಬರುವಾಗ ಕೇಳಿದೆ: "ನಿಲ್ಸಿದ್ದು ಯಾರು ಸಾರ್?"

"ನಾನು ಕಣೋ. ಕೈ ನಂದು." ಪ್ರಶ್ನೆ ಮುಗಿಯುವ ಮುಂಚೆಯೇ ಹೇಳಿಬಿಟ್ಟರು.

"ಹಂಗಾದ್ರೆ ನಾವು ಚರ್ಚೆ ಮಾಡಿದ್ದೂ ಇದೇ ಅಲ್ವಾ?"

"ಹೆಸರು ಏನಾದ್ರೂ ಇಟ್ಕೊ. ನಾಳೆ ಆ ಹೆಣ್ಮಗಳ ಮುಂದೆ ನಿಂತು ನಾನೇ ನಿಲ್ಸಿದ್ದು ಅಂತ ಹೇಳಂಗಿರ್ಬೇಕು, ಅಷ್ಟೆ."

ಆಮೇಲೆ ಕಿಟಕಿಯಾಚೆ ನೋಡುತ್ತಾ ಕೂತರು. ತೊಡೆಯ ಮೇಲೆ ಅವರ ಬೆರಳುಗಳು ಇನ್ನೂ ಹಿಸುಕುತ್ತಲೇ ಇದ್ದವು.

ನಾನೂ ಡಾಕ್ಟರಾದೆ. ಆ ಚರ್ಚೆ ಈಗಲೂ ನಡೆಯುತ್ತದೆ, ಈಗಿನ ವಿದ್ಯಾರ್ಥಿಗಳೂ ಸಲೀಸಾಗಿ ಕೈ ಎತ್ತುತ್ತಾರೆ. ನಾನು ಎತ್ತುವುದೂ ಇಲ್ಲ, ಬೇಡವೆನ್ನುವುದೂ ಇಲ್ಲ.

ಹೋದ ವರ್ಷ ಅದೇ ರಕ್ತಸ್ರಾವ ನಮ್ಮ ಡಾಕ್ಟರಿಗೂ ಆಗಿ ಮೈಸೂರಿನಲ್ಲಿ ವೆಂಟಿಲೇಟರ್ ಮೇಲೆ ಮಲಗಿದರು. "ಮನೆಗೆ ಕರ್ಕೊಂಡೋಗಣಪ್ಪಾ, ಎಷ್ಟು ಜನಕ್ಕೆ ಅವ್ರು ಮಾಡಿದ್ರು" ಎಂದರು ಅವರ ಹೆಂಡತಿ. ಕೋಟೆಯ ತನಕ ಚೀಲ ಹಿಸುಕಿದ್ದು ನಾನು. ಚಾಪೆಯ ಮೇಲೆ ಮಲಗಿಸಿದೆವು. ಆ ಅಮ್ಮ ಗಂಡನ ತುಟಿಗೆ ನೀರು ಬಿಟ್ಟರು, ಆ ಬಲಗೈ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ತಮ್ಮ ಇನ್ನೊಂದು ಕೈಯನ್ನು ನನ್ನ ಕೈಯ ಮೇಲಿಟ್ಟರು. ಚೀಲ ನಿಂತಿತು.

ತಿಥಿ ಮುಗಿದ ಮೇಲೆ ನನ್ನನ್ನು ಅಡುಗೆಮನೆಗೆ ಕರೆದರು. "ಏನಪ್ಪಾ, ನಾನು ಕೈ ಇಟ್ಟಿದ್ದಕ್ಕೇ ನಿಂತೋ..."

"ಇಲ್ಲಮ್ಮಾ. ನಿಲ್ಸಿದ್ದು ನಾನು. ಕೈ ನಂದು."

ಪ್ರಶ್ನೆ ಮುಗಿಯುವ ಮುಂಚೆಯೇ ಹೇಳಿಬಿಟ್ಟಿದ್ದೆ. ಅದು ನಿಜವೋ ಅಲ್ಲವೋ ನನಗೆ ಇವತ್ತಿಗೂ ತಿಳಿಯದು. ನಮ್ಮ ಡಾಕ್ಟರಿಗಾದರೂ ಅಂದು ಅಂತರಸಂತೆಯಲ್ಲಿ ತಿಳಿದಿತ್ತೇ?