ಡೆಲ್ಬರ್ಟನ ಮೂರನೇ ತೋಟಾ

ಡೆಲ್ಬರ್ಟ್ ಹ್ಯಾಕೆಟ್ ಎಣ್ಣೆ ಬಾವಿಗಳ ಪಂಪು ನೋಡಿಕೊಳ್ಳುವವನು. ಪಶ್ಚಿಮ ಟೆಕ್ಸಾಸಿನಲ್ಲಿ, ಪೆಕೋಸ್ ನದಿಯ ಆಚೆ, ಬೆಳಿಗ್ಗೆ ಪಿಕಪ್ ಹತ್ತಿದರೆ ಸಂಜೆಯ ತನಕ ಒಂದು ಪಂಪಿನಿಂದ ಇನ್ನೊಂದಕ್ಕೆ ಧೂಳು ಕುಡಿಯುತ್ತಾ ಓಡಾಟ. ಆ ಬಯಲಿನಲ್ಲಿ ನೆರಳು ಅಂತ ಇರುವುದು ಪಂಪುಗಳ ಬುಡದಲ್ಲಿ ಮಾತ್ರ. ಬಾಲದಲ್ಲಿ ಗಿಲಕಿ ಆಡಿಸುವ ಹಾವುಗಳಿಗೂ ಅದೇ ನೆರಳು ಬೇಕು. ಅವುಗಳಿಗಾಗಿಯೇ ಅವನು ಒಟಿಸನ ಬಂದೂಕಿನ ಅಂಗಡಿಯಿಂದ ಆ ದೊಡ್ಡ ರಿವಾಲ್ವರ್ ತಂದದ್ದು. ಉರುಳೆಯಲ್ಲಿ ಐದು ತೋಟಾ ಕೂರುತ್ತವೆ; ಸಣ್ಣ ಸೀಸದ ಕಾಳು ಚಿಮ್ಮುವ ಕೋವಿಯ ಚರೆ ತೋಟಾ ಆದರೂ ಸರಿ, ಗುಂಡಿನ ತೋಟಾ ಆದರೂ ಸರಿ.

"ಹಾವಿಗೂ ಆಯ್ತು, ಕಳ್ಳನಿಗೂ ಆಯ್ತು," ಅಂದಿದ್ದ ಒಟಿಸ್.

ಡೆಲ್ಬರ್ಟನ ಹೆಂಡತಿ ವೆಲ್ಮಾ ಅದನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿದಳು. "ಇದನ್ನ ಸೊಂಟಕ್ಕೆ ಕಟ್ಟಿದ್ರೆ ನಿನ್ ಪ್ಯಾಂಟು ಜಾರತ್ತೆ, ಅಷ್ಟೇ. ಹಾವು ನಕ್ಕೇ ಸಾಯ್ಬೇಕು."

ಅವಳು ಹೇಳಿದ್ದೇ ಸರಿ. ಎರಡು ದೋಣಿಯ ಮೇಲೆ ಕಾಲಿಟ್ಟ ಆಯುಧ ಅದು. ನಳಿಗೆಯ ಒಳಗಿನ ತಿರುಪಿನ ಗೀರು ಗುಂಡಿಗೇನೋ ಒಳ್ಳೆಯದು, ಆದರೆ ಚರೆಯನ್ನು ಗಿರ್ರನೆ ತಿರುಗಿಸಿ ಚೆಲ್ಲಿಬಿಡುತ್ತದೆ. ಕಾಲ ಬಳಿಯ ಹಾವು ಉಳಿಯುವುದಿಲ್ಲ, ನಿಜ. ಸ್ವಲ್ಪ ದೂರ ಹೋದರೆ ಚರೆಯೆಲ್ಲ ಸುತ್ತ ಹರಡಿ, ನಡುವೆ ಉದ್ದಿನ ವಡೆಯ ಹಾಗೆ ತೂತು ಬೀಳುತ್ತದೆ. ಡೆಲ್ಬರ್ಟ್ ಹಳೆಯ ರಟ್ಟಿನ ಮೇಲೆ ಹೊಡೆದು ನೋಡಿ ತಿಳಿದುಕೊಂಡಿದ್ದ. ಅದಕ್ಕೇ ಆ ಕಡೆಯವರ ರೂಢಿಯಂತೆ ಮೊದಲೆರಡು ಚರೆ ತೋಟಾ, ಆಮೇಲೆ ಮೂರು ಗುಂಡಿನ ತೋಟಾ ತುಂಬುತ್ತಿದ್ದ. ಮೊದಲು ಹಾವು, ಆಮೇಲೆ ಮನುಷ್ಯ.

ಆ ವರ್ಷ ಪಂಪುಗಳ ತಾಮ್ರದ ತಂತಿ ಕದಿಯುವವರ ಕಾಟ ಹೆಚ್ಚಾಗಿತ್ತು. ಡೆಲ್ಬರ್ಟನ ಮನಸ್ಸೂ ಸರಿಯಿರಲಿಲ್ಲ. ತಾಯಿ ತೀರಿಕೊಂಡು ವರ್ಷವಾಗಿತ್ತು, ಮಣ್ಣಿಗೆ ತಮ್ಮ ರಾಯ್ಸ್ ಬಂದಿರಲಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರಲ್ಲ, ಹಾಗೆ. ರಾಯ್ಸ್ ಫೋನ್ ಮಾಡಿದಾಗ ಡೆಲ್ಬರ್ಟ್ ಅವನ ಮಾತು ಕೇಳಲೇ ಇಲ್ಲ. "ಈ ಮಣ್ಣಿಗೆ ಕಾಲಿಟ್ಟು ನೋಡು," ಎಂದು ಫೋನ್ ಇಟ್ಟುಬಿಟ್ಟ.

ಆ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಗೇಟಿನಲ್ಲಿ ನಿಂತು ಹಾರ್ನ್ ಹೊಡೆದು, ಮನೆಯವರು ಕೈ ಎತ್ತುವ ತನಕ ಕಾಯಬೇಕು. ಕಾಯದೆ ಬಂದವನು ಕಳ್ಳ, ಇಲ್ಲವೇ ಹೊಸಬ. ರಾಯ್ಸ್ ಎರಡೂ ಅಲ್ಲ. ತಾನು ಹುಟ್ಟಿದ ಮನೆಗೆ ಹಾರ್ನ್ ಯಾಕೆ ಎಂದುಕೊಂಡು, ಒಂದು ಮುಸ್ಸಂಜೆ ಬೇಲಿ ದಾಟಿ ನೇರ ಹಿತ್ತಲಿನ ತಗಡಿನ ಶೆಡ್ಡಿನತ್ತ ನಡೆದ. ತಾಯಿಯ ಗೋರಿ ಇದ್ದದ್ದು ಅದರ ಆಚೆ.

ಡೆಲ್ಬರ್ಟ್ ಹಿಂಬಾಗಿಲಲ್ಲಿ ನಿಂತು ಕಂಡದ್ದು ಶೆಡ್ಡಿನ ಬಾಗಿಲ ಮುಂದೆ ಮಬ್ಬಿನಲ್ಲಿ ಒಂದು ಆಕೃತಿ. ಬೆಳಿಗ್ಗೆ ಒಂದು ಹಾವಿಗೆ ಒಂದು ಚರೆ ತೋಟಾ ಖರ್ಚಾಗಿತ್ತು. ಕಳ್ಳನೆಂದೇ ತಿಳಿದು ಇನ್ನೊಂದನ್ನು ಹೊಡೆದ. ತಗಡು ಝಲ್ಲೆಂದಿತು.

"ಡೆಲ್! ನಾನು ಕಣೋ, ರಾಯ್ಸು!"

ಉರುಳೆಯಲ್ಲಿ ಮುಂದಿನದು, ಮೂರನೆಯದು, ಗುಂಡಿನ ತೋಟಾ. ಧ್ವನಿ ಕೇಳಿತು, ಹೆಸರು ಕೇಳಿತು, ತಮ್ಮನೆಂದು ಗೊತ್ತಾಯಿತು. ಗೊತ್ತಾದ ಮೇಲೆ ಡೆಲ್ಬರ್ಟನ ಹೆಬ್ಬೆರಳು ರಿವಾಲ್ವರಿನ ಬೆನ್ನ ಮೇಲಿನ, ತೋಟಾ ಬಡಿಯುವ ಕುದುರೆಯನ್ನು ಹಿಂದಕ್ಕೆ ಎಳೆಯಿತು. ಕ್ಲಿಕ್. ಇನ್ನು ಬೆರಳು ಒತ್ತಿದರೆ ಸಾಕು. ಒಂದು ಉಸಿರಿನಷ್ಟು ಹೊತ್ತು ಹಾಗೇ ನಿಂತ. ಆಮೇಲೆ ಕುದುರೆಯನ್ನು ಮೆಲ್ಲಗೆ ಇಳಿಸಿದ.

ರಾಯ್ಸನ ಕಿವಿಯ ತುದಿಗೆ ಒಂದೇ ಒಂದು ಚರೆ ತಾಗಿತ್ತು. ಉಳಿದವೆಲ್ಲ ಬಾಗಿಲ ತಗಡಿನಲ್ಲಿ, ಅವನ ಸುತ್ತ. ವೆಲ್ಮಾ ಚಿಮಟದಿಂದ ಚರೆ ಕಿತ್ತು, ಹುರುಳಿಕಾಯಿಗೆ ಉಪ್ಪು ಹಾಕುವಷ್ಟೇ ನಿಶ್ಚಿಂತೆಯಿಂದ ಔಷಧಿ ಸವರಿ, ಇಬ್ಬರಿಗೂ ಬೈದಳು. ತಾಯಿ ಸತ್ತಾಗ ತಾನು ಕಡಲ ನಡುವೆ ಎಣ್ಣೆ ತೆಗೆಯುವ ಕಟ್ಟೆಯ ಮೇಲಿದ್ದೆ, ಬಿರುಗಾಳಿಗೆ ದೋಣಿಯೂ ಬಿಡಲಿಲ್ಲ, ಹೆಲಿಕಾಪ್ಟರೂ ಏಳಲಿಲ್ಲ ಎಂದು ರಾಯ್ಸ್ ಆಗ ಹೇಳಿದ. ಫೋನಿನಲ್ಲೂ ಅವನು ಹೇಳಲು ಹೊರಟದ್ದು ಅದನ್ನೇ.

ರಾಯ್ಸ್ ಆ ಊರಲ್ಲೇ ಕೆಲಸ ಹಿಡಿದು ಉಳಿದ. ಹೋಟೆಲಿನಲ್ಲಿ ಕಾಫಿಗೆ ಕೂತರೆ ಅವನದು ಒಂದೇ ಕಥೆ. "ನಮ್ಮಣ್ಣ ನನಗೇ ಹೊಡ್ದ ಕಣ್ರೋ! ಆ ಪಿರಂಗಿಯಿಂದ! ನಾನು ತೂತಿನ ಮಧ್ಯ ಆರಾಮಾಗಿ ನಿಂತಿದ್ದೆ. ಒಟಿಸ್, ಅಂಥವು ಇನ್ನೆರಡು ಅವನಿಗೆ ಮಾರಿಬಿಡು, ನಾನು ನೂರು ವರ್ಷ ಬದುಕ್ತೀನಿ!"

ಜನ ಬಿದ್ದುಬಿದ್ದು ನಗುತ್ತಿದ್ದರು. ಡೆಲ್ಬರ್ಟ್ ಕಾಫಿ ನೋಡುತ್ತಾ ಕೂರುತ್ತಿದ್ದ. ರಿವಾಲ್ವರನ್ನು ಒಟಿಸನಿಗೇ ಹಿಂದಿರುಗಿಸಿ, ಹಾವಿಗೆ ಉದ್ದ ಹಿಡಿಯ ಗುದ್ದಲಿ ಇಟ್ಟುಕೊಂಡ. ಯಾಕೆಂದು ಕೇಳಿದವರಿಗೆಲ್ಲ "ಅದು ಉಪಯೋಗಕ್ಕೆ ಬರಲ್ಲ," ಅನ್ನುತ್ತಿದ್ದ.

ಆದರೆ ಆ ಕ್ಲಿಕ್ ಅವನನ್ನು ಬಿಡಲಿಲ್ಲ. ಸ್ಟೌ ಹಚ್ಚಿದರೆ ಅದು, ಗಾಡಿಯ ಬೆಲ್ಟ್ ಹಾಕಿದರೆ ಅದು, ವೆಲ್ಮಾ ಪರ್ಸ್ ಮುಚ್ಚಿದರೂ ಅದೇ. ಕೆಲವು ದಿನ ಬೆಳಿಗ್ಗೆ ಒಬ್ಬನೇ ಶೆಡ್ಡಿಗೆ ಹೋಗಿ, ತಗಡಿನಲ್ಲಿ ಚರೆ ಬೀಳದೆ ಉಳಿದ ಜಾಗಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಅಳತೆ ತೆಗೆದು ಹೊಲಿದ ಅಂಗಿಯಂತೆ ಸರಿಹೊಂದುತ್ತಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅನ್ನುತ್ತಾರೆ. ಕೊಯ್ಯದೆ ಉಳಿದ ಮೂಗೂ ಹೀಗೆ ಕಾಡುತ್ತದೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಆ ಕ್ಲಿಕ್ ರಾಯ್ಸ್‌ಗೆ ಕೇಳಿಸಿತ್ತೇ? ಕೇಳುವ ಧೈರ್ಯ ಅವನಿಗೆ ವರ್ಷಗಟ್ಟಲೆ ಬರಲಿಲ್ಲ.

ಒಂದು ಚಳಿಗಾಲ ಗಾಳಿ ಆ ಬಾಗಿಲನ್ನೇ ಕಿತ್ತೆಸೆಯಿತು. ಹೊಸದು ಕೂರಿಸಲು ರಾಯ್ಸ್ ಬಂದ. ಹಳೆಯ ತಗಡನ್ನು ಇಬ್ಬರೂ ಎರಡು ತುದಿ ಹಿಡಿದು ಎತ್ತಿದರು. ಡೆಲ್ಬರ್ಟ್ ಅರ್ಧ ದಾರಿಯಲ್ಲೇ ನಿಂತ.

"ಅವತ್ತು... ನೀನು ಹೆಸರು ಹೇಳಿದ ಮೇಲೆ..."

"ಕುದುರೆ ಎಳ್ದೆ. ಕೇಳಿಸ್ತು ಕಣೋ."

ಡೆಲ್ಬರ್ಟ್ ತಗಡಿನ ತನ್ನ ತುದಿಯನ್ನು ನೆಲಕ್ಕೆ ಇಳಿಸಿದ. "ಮತ್ತೆ ಊರೆಲ್ಲಾ ತಮಾಷೆ ಮಾಡ್ಕೊಂಡು ತಿರುಗಿದ್ಯಲ್ಲ?"

"ನಿನ್ ಮುಖ ನೋಡೋಕೆ," ಅಂದ ರಾಯ್ಸ್. "ಎಲ್ರೂ ನಗ್ತಿದ್ರು. ನೀನು ಒಂದು ಸಲನೂ ನಗಲಿಲ್ಲ. ನಕ್ಕಿದ್ದಿದ್ರೆ ಅವತ್ತೇ ಊರು ಬಿಡ್ತಿದ್ದೆ."